ಗಾಯಕ್ಕಿಟ್ಟ ಬೇರೆ ಹೆಸರು

2024ರ ಆಗಸ್ಟ್ 20, ಮಂಗಳವಾರ. ಅಂದು ಬದ್ಲಾಪುರ ನಿಲ್ದಾಣದಲ್ಲಿ ಸಾವಿರಾರು ಜನ ಹಳಿಗಳ ಮೇಲೆ ಇಳಿದು ನಿಂತರು. ಊರಿನ ಶಾಲೆಯೊಂದರಲ್ಲಿ ಶಿಶುವಿಹಾರದ ಇಬ್ಬರು ಹೆಣ್ಣುಮಕ್ಕಳ ಮೇಲೆ, ಶುಚಿತ್ವದ ಕೆಲಸಕ್ಕಿದ್ದ ನೌಕರನೊಬ್ಬ ಲೈಂಗಿಕ ದೌರ್ಜನ್ಯ ಎಸಗಿದನೆಂಬುದೂ ದೂರು ದಾಖಲಿಸಿಕೊಳ್ಳಲು ಪೊಲೀಸರು ಹಲವು ಗಂಟೆ ತಡಮಾಡಿದರೆಂಬುದೂ ಆ ಸಿಟ್ಟಿಗೆ ಕಾರಣ. ಕಲ್ಯಾಣದಿಂದ ಕರ್ಜತ್ ಕಡೆಗೆ ಹೋಗುವ ಲೋಕಲ್ ರೈಲುಗಳು ಬಹುಪಾಲು ಹಗಲೆಲ್ಲ ನಿಂತವು. ಅದೇ ದಿನ ದೆಹಲಿಯ ಸುಪ್ರೀಂ ಕೋರ್ಟು ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯ ಯುವ ವೈದ್ಯೆಯ ಅತ್ಯಾಚಾರ ಮತ್ತು ಕೊಲೆಯ ಪ್ರಕರಣವನ್ನು ಕೈಗೆತ್ತಿಕೊಂಡು, ಆರೋಗ್ಯ ಸಿಬ್ಬಂದಿಯ ಸುರಕ್ಷತೆಗಾಗಿ ರಾಷ್ಟ್ರೀಯ ಕಾರ್ಯಪಡೆಯೊಂದನ್ನು ರಚಿಸಿತು. ಆ ಆದೇಶದಲ್ಲಿ ನ್ಯಾಯಾಲಯ ಐವತ್ತು ವರ್ಷ ಹಿಂದಿನ ಒಂದು ಹೆಸರನ್ನು ನೆನೆಯಿತು: ಅರುಣಾ ಶಾನಭಾಗ. ಹೊನ್ನಾವರ ತಾಲ್ಲೂಕಿನ ಹಳದೀಪುರದಿಂದ ಮುಂಬಯಿಗೆ ಬಂದು ದಾದಿಯಾದ ನಮ್ಮ ಹೆಣ್ಣುಮಗಳು.

ಒಂದೇ ದಿನದಲ್ಲಿ ಕೂಡಿಬಂದ ಈ ಮೂರು ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಮೂರೂ ಕಡೆ ಹಿಂಸೆ ನಡೆದದ್ದು ಅಪರಿಚಿತ ಕಾಡುದಾರಿಯಲ್ಲಲ್ಲ, ಆಸ್ಪತ್ರೆಯಲ್ಲಿ, ಶಾಲೆಯಲ್ಲಿ. ಕಾಪಾಡುವುದಕ್ಕೆಂದೇ ಸಮಾಜ ಕಟ್ಟಿಕೊಂಡ ಮನೆಗಳಲ್ಲಿ. ಇಂಥ ಸುದ್ದಿ ಬಂದಾಗಲೆಲ್ಲ ನಾವು ಮೊದಲು ಕೇಳುವುದು ಶಿಕ್ಷೆಯನ್ನು. ಅದು ಸಹಜ, ಅಗತ್ಯವೂ ಹೌದು. ಆದರೆ ಗಾಯಗೊಂಡವಳಿಗೆ ಮೊದಲ ದಿನ ಯಾರು ಔಷಧಿ ಕೊಟ್ಟರು, ಏನೆಂದು ಮಾತನಾಡಿಸಿದರು, ಆ ಗಾಯವನ್ನು ಯಾವ ಹೆಸರಿನಿಂದ ಬರೆದುಕೊಂಡರು ಎಂಬ ಪ್ರಶ್ನೆಗಳನ್ನು ನಾವು ಕೇಳುವುದು ಅಪರೂಪ. ಲೈಂಗಿಕ ಹಿಂಸೆ ಕಾನೂನಿನ ವಿಷಯವಾಗಿರುವಷ್ಟೇ ಸಾರ್ವಜನಿಕ ಆರೋಗ್ಯದ ವಿಷಯವೂ ಹೌದು ಎಂಬ ತಿಳಿವಿಗೆ ನಮ್ಮ ಈ ಪ್ರದೇಶದಲ್ಲೇ ನೂರನಲವತ್ತು ವರ್ಷಗಳ ಚರಿತ್ರೆಯಿದೆ. ಆ ಚರಿತ್ರೆ ಹೇಳುವುದು ಇಷ್ಟು: ಗಾಯವನ್ನು ಗಾಯವೆಂದೇ ಕರೆದಾಗ ಕಾನೂನೂ ಸಮಾಜವೂ ಒಂದು ಹೆಜ್ಜೆ ಮುಂದಿಟ್ಟಿವೆ, ಮಾನದ ಹೆಸರಿನಲ್ಲಿ ಅದಕ್ಕೆ ಬೇರೆ ಹೆಸರಿಟ್ಟಾಗ ಗಾಯ ಹಾಗೆಯೇ ಉಳಿದಿದೆ.

ಹೆಸರಿನ ಮಾತನ್ನು ಭಾಷೆಯಿಂದಲೇ ಆರಂಭಿಸಬಹುದು. ಹಳೆಯ ಪತ್ರಿಕೆಗಳಲ್ಲಿ, ಕಾದಂಬರಿಗಳಲ್ಲಿ ಈ ಕೃತ್ಯಕ್ಕೆ ನಾವು ಬಳಸಿದ ಪದಗಳನ್ನು ನೆನೆಯಿರಿ: ಮಾನಭಂಗ, ಶೀಲಭಂಗ, ಕೆಡಿಸುವುದು. ಮೂರರಲ್ಲೂ ಮುರಿದುಬಿದ್ದದ್ದು ಮಾನ ಅಥವಾ ಶೀಲ, ಅದೂ ಹೆಂಗಸಿನದು. ಮುರಿದವನ ಮಾನಕ್ಕೆ ಏನಾಯಿತೆಂದು ಆ ಪದಗಳು ವಿಚಾರಿಸುವುದಿಲ್ಲ. ಅವಳ ಮೈಗೆ, ನಿದ್ದೆಗೆ, ಹಸಿವಿಗೆ ಏನಾಯಿತೆಂಬುದೂ ಅವುಗಳಲ್ಲಿಲ್ಲ. ಇಂಗ್ಲಿಷಿನ 'ರೇಪ್' ಪದದ ಲ್ಯಾಟಿನ್ ಮೂಲವೂ ಕಿತ್ತುಕೊಂಡು ಹೋಗುವುದು ಎಂಬ ಅರ್ಥದ್ದೇ. ಹೆಣ್ಣು ಅಲ್ಲಿ ಇನ್ನೊಬ್ಬನ ಸೊತ್ತು. 'ಅತ್ಯಾಚಾರ' ಎಂಬ ಪದ ಒತ್ತನ್ನು ಮಾಡಿದವನ ಕಡೆಗೆ ತಿರುಗಿಸಿತು. 'ಲೈಂಗಿಕ ಹಿಂಸೆ' ಎಂಬ ಇತ್ತೀಚಿನ ಪದ ಪೆಟ್ಟು ಬಿದ್ದ ಜೀವದ ಕಡೆಗೆ ತಿರುಗಿಸಿತು. ಪದಗಳ ಈ ನಡಿಗೆಯ ಹಿಂದೆ ಹಲವು ಜನರ ಬದುಕು ಸವೆದಿದೆ. ಅದರ ಒಂದು ತುದಿ ನಮ್ಮ ಕಲ್ಯಾಣದಲ್ಲಿದೆ.

1865ರ ಮಾರ್ಚ್ 31ರಂದು ಕಲ್ಯಾಣದಲ್ಲಿ ಯಮುನೆ ಎಂಬ ಹುಡುಗಿ ಹುಟ್ಟಿದಳು. ಒಂಬತ್ತನೆಯ ವರ್ಷದಲ್ಲಿ, ತನಗಿಂತ ಸುಮಾರು ಇಪ್ಪತ್ತು ವರ್ಷ ದೊಡ್ಡವನಾದ, ಅಂಚೆ ಇಲಾಖೆಯ ಗುಮಾಸ್ತ ಗೋಪಾಲರಾವ್ ಜೋಶಿಯವರೊಡನೆ ಅವಳ ಮದುವೆಯಾಯಿತು. ಹೆಸರು ಆನಂದಿಬಾಯಿ ಎಂದಾಯಿತು. ಹದಿನಾಲ್ಕರಲ್ಲಿ ಅವಳು ಗಂಡುಮಗುವನ್ನು ಹೆತ್ತಳು. ಸರಿಯಾದ ವೈದ್ಯೋಪಚಾರವಿಲ್ಲದೆ ಮಗು ಹತ್ತು ದಿನಕ್ಕೆ ತೀರಿಕೊಂಡಿತು. ಆ ಸಾವೇ ಅವಳನ್ನು ವೈದ್ಯವಿದ್ಯೆಯ ಕಡೆಗೆ ನಡೆಸಿತೆಂಬುದು ಎಲ್ಲರೂ ಬಲ್ಲ ಕಥೆ. 1883ರಲ್ಲಿ ಬಂಗಾಳದ ಶ್ರೀರಾಮಪುರದ ಸಭೆಯಲ್ಲಿ ತಾನೇಕೆ ಅಮೆರಿಕಕ್ಕೆ ಹೋಗುತ್ತಿದ್ದೇನೆಂದು ಆಕೆ ವಿವರಿಸಿದರು: ಈ ದೇಶಕ್ಕೆ ಹೆಂಗಸು ವೈದ್ಯರು ಬೇಕು, ಗಂಡಸು ವೈದ್ಯರೆದುರು ಬಾಯಿ ಬಿಡಲಾಗದೆ ಹೆಂಗಸರು ನವೆಯುತ್ತಿದ್ದಾರೆ ಎಂಬುದು ಅದರ ಸಾರ. 1886ರಲ್ಲಿ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದು ಮರಳಿದ ಆನಂದಿಬಾಯಿ, ಮರುವರ್ಷವೇ ಕ್ಷಯದಿಂದ ತೀರಿಕೊಂಡರು. ಆಗ ಅವರಿಗೆ ವಯಸ್ಸು ಇಪ್ಪತ್ತೊಂದು.

ಆನಂದಿಬಾಯಿಯವರನ್ನು ನಾವು ಸಾಹಸದ ಆದರ್ಶವಾಗಿ ಕೊಂಡಾಡುತ್ತೇವೆ. ಅವರ ಬದುಕನ್ನು ಇನ್ನೊಂದು ಬಗೆಯಲ್ಲೂ ಓದಬಹುದು. ಎಳೆಯ ಮೈಯ ಮೇಲೆ ಮದುವೆಯ ಹೆಸರಿನಲ್ಲಿ ಏನೆಲ್ಲ ನಡೆಯುತ್ತಿತ್ತೋ ಅದನ್ನು ಬಾಯಿಬಿಟ್ಟು ಹೇಳಲು ಆ ಕಾಲದ ಹೆಣ್ಣುಮಕ್ಕಳಿಗೆ ಒಂದು ಎಡೆ ಬೇಕಿತ್ತು. ಕೇಳುವ ಕಿವಿ ಬೇಕಿತ್ತು. ಅದು ವೈದ್ಯೆಯ ಕಿವಿ ಆಗಬಹುದೆಂಬುದನ್ನು ಆಕೆ ಕಂಡುಕೊಂಡಿದ್ದರು.

ಆ ಕಿವಿ ಎಂಥ ಕೆಲಸ ಮಾಡಬಲ್ಲದೆಂಬುದು ಮೂರೇ ವರ್ಷಗಳಲ್ಲಿ ತಿಳಿಯಿತು. 1890ರಲ್ಲಿ ಕಲಕತ್ತೆಯ ನ್ಯಾಯಾಲಯದ ಮುಂದೆ ಫುಲ್‌ಮಣಿ ದಾಸಿ ಎಂಬ ಹತ್ತು-ಹನ್ನೊಂದು ವರ್ಷದ ಬಾಲೆಯ ಸಾವಿನ ಮೊಕದ್ದಮೆ ಬಂತು. ವಯಸ್ಕ ಗಂಡನ ಬಲಾತ್ಕಾರದಿಂದ ರಕ್ತಸ್ರಾವವಾಗಿ ಮಗು ಸತ್ತಿತ್ತು. ಆದರೆ ಹತ್ತು ವರ್ಷ ದಾಟಿದ ಹೆಂಡತಿಯ ವಿಷಯದಲ್ಲಿ ಗಂಡ ಮಾಡಿದ್ದು ಅತ್ಯಾಚಾರವೆಂದು ಅಂದಿನ ದಂಡಸಂಹಿತೆ ಒಪ್ಪುತ್ತಿರಲಿಲ್ಲ. ಹಾಗಾಗಿ ಅಪರಾಧಕ್ಕೆ ಬೇರೆ ಹೆಸರು ಹುಡುಕಬೇಕಾಯಿತು: ಪ್ರಾಣಾಪಾಯ ತರುವ ಅಜಾಗರೂಕ ಕೃತ್ಯದಿಂದ ತೀವ್ರ ಗಾಯ. ಶಿಕ್ಷೆ ಹನ್ನೆರಡು ತಿಂಗಳ ಕಠಿಣ ಸಜೆ. ಇದಾದ ಮೇಲೆ ದೇಶದ ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತಿದ್ದ ಐವತ್ತೈದು ಮಂದಿ ವೈದ್ಯೆಯರು, ಲಖನೌದ ಡಾ. ಮೊನೆಲ್ ಮ್ಯಾನ್ಸೆಲ್ ಅವರ ಮುಂದಾಳುತನದಲ್ಲಿ ವೈಸರಾಯರಿಗೆ ಮನವಿ ಸಲ್ಲಿಸಿದರು. ಧರ್ಮವೇನು, ಶಾಸ್ತ್ರವೇನು ಎಂಬ ವಾದಕ್ಕೆ ಅವರು ಇಳಿಯಲಿಲ್ಲ. ತಮ್ಮ ಬಳಿಗೆ ಬಂದ ಎಳೆಯ ಪತ್ನಿಯರ ಗಾಯಗಳನ್ನು ಒಂದೊಂದಾಗಿ ಪಟ್ಟಿ ಮಾಡಿದರು: ಮುರಿದ ಮೂಳೆ, ಹರಿದ ಅಂಗ, ನಡೆಯಲಾರದ ಕಾಲು, ಸಾವು. 1891ರ ಮಾರ್ಚ್ 19ರಂದು ಒಪ್ಪಿಗೆಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸುವ ಕಾಯಿದೆ ಜಾರಿಯಾಯಿತು. ಬಾಲಗಂಗಾಧರ ತಿಲಕರಂಥವರ ವಿರೋಧದ ನಡುವೆ ಅದು ಹಾದುಹೋದುದರಲ್ಲಿ ಸುಧಾರಕ ಬೆಹ್ರಾಮ್‌ಜಿ ಮಲಬಾರಿಯವರ ಲೇಖನಿಯ ಪಾಲಿದ್ದಂತೆ ಆ ವೈದ್ಯೆಯರ ಪಟ್ಟಿಯ ಪಾಲೂ ಇದೆ. ಮೂರು ವರ್ಷಗಳ ತರುವಾಯ, 1894ರಲ್ಲಿ, ಮೈಸೂರು ಸಂಸ್ಥಾನವೂ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸುವ ಕಾನೂನು ತಂದಿತು. ಎಂಟು ವರ್ಷ! ಇಂದು ಆ ಅಂಕಿ ನಮ್ಮನ್ನು ನಡುಗಿಸುತ್ತದೆ. ಅಂದು ಅಷ್ಟಕ್ಕೇ ಎಷ್ಟು ಹೋರಾಟ ಬೇಕಾಯಿತೆಂಬುದನ್ನು ಮರೆಯಬಾರದು.

ಇದೇ ಕಾಲದಲ್ಲಿ ಮುಂಬಯಿಯ ರುಖಮಾಬಾಯಿ, ಹನ್ನೊಂದನೆಯ ವರ್ಷದಲ್ಲಿ ತನಗೆ ಕಟ್ಟಿದ ಗಂಡನ ಮನೆಗೆ ಹೋಗಲಾರೆನೆಂದು ಹೈಕೋರ್ಟಿನಲ್ಲಿ ನಿಂತರು. 1887ರಲ್ಲಿ ನ್ಯಾಯಾಲಯ, ಗಂಡನ ಮನೆಗೆ ಹೋಗು, ಇಲ್ಲವೇ ಆರು ತಿಂಗಳು ಸೆರೆಮನೆಗೆ ಹೋಗು ಎಂದಾಗ ಆಕೆ ಸೆರೆಮನೆಯನ್ನೇ ಆರಿಸಿಕೊಳ್ಳುವುದಾಗಿ ಸಾರಿದರು. ಮರುವರ್ಷ ರಾಜಿಯಾಗಿ ಬಿಡುಗಡೆ ಪಡೆದು, ಲಂಡನ್ನಿನಲ್ಲಿ ವೈದ್ಯವಿದ್ಯೆ ಕಲಿತು ಬಂದು, ಸೂರತ್ ಮತ್ತು ರಾಜಕೋಟೆಗಳಲ್ಲಿ ದಶಕಗಳ ಕಾಲ ಹೆಂಗಸರ ಆಸ್ಪತ್ರೆ ನಡೆಸಿದರು. ಆನಂದಿಬಾಯಿ, ರುಖಮಾಬಾಯಿ ಇಬ್ಬರೂ ಬಾಲ್ಯವಿವಾಹದಿಂದ ಹೊರಟು ಸೇರಿದ್ದು ಆಸ್ಪತ್ರೆಯ ಬಾಗಿಲಿಗೆ ಎಂಬುದು ಆಕಸ್ಮಿಕವಲ್ಲ.

ಈಗ ಎಂಬತ್ತು ವರ್ಷ ಮುಂದೆ ಬರೋಣ. ಪ್ಲೇಗಿನ ಕಾಲದಿಂದ ಮುಂಬಯಿಯ ಆರೋಗ್ಯದ ಕೇಂದ್ರವಾಗಿ ಬೆಳೆದ ಪರೇಲಿನಲ್ಲಿ, 1926ರಲ್ಲಿ ಆರಂಭವಾದ ಕೆ.ಇ.ಎಂ. ಆಸ್ಪತ್ರೆ ನಗರಪಾಲಿಕೆಯ ಹೆಮ್ಮೆ. ಉತ್ತರ ಕನ್ನಡ, ದಕ್ಷಿಣ ಕನ್ನಡಗಳಿಂದ ಹೊಟ್ಟೆಪಾಡಿಗೆ ಹೊರಟ ಗಂಡುಮಕ್ಕಳು ಈ ನಗರದ ಹೋಟೆಲುಗಳಿಗೂ ಕಚೇರಿಗಳಿಗೂ ಸೇರಿದ ಹಾಗೆ, ಓದಿದ ಹೆಣ್ಣುಮಕ್ಕಳು ಆಸ್ಪತ್ರೆ, ಶಾಲೆಗಳಿಗೆ ಸೇರಿದರು. ಅರುಣಾ ಶಾನಭಾಗ ಅವರಲ್ಲಿ ಒಬ್ಬರು. 1973ರ ನವೆಂಬರ್ 27ರ ಸಂಜೆ, ಪಾಳಿ ಮುಗಿಸಿ ಹೊರಡುವ ಮುನ್ನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುತ್ತಿದ್ದಾಗ, ಅಲ್ಲಿಯ ಶುಚಿಗಾರನೊಬ್ಬ ನಾಯಿಯ ಸರಪಣಿಯಿಂದ ಅವರ ಕುತ್ತಿಗೆ ಬಿಗಿದು ಲೈಂಗಿಕ ಹಲ್ಲೆ ನಡೆಸಿದ. ಮಿದುಳಿಗೆ ಉಸಿರು ತಲುಪದೆ ಹೋಯಿತು. ಮರುದಿನ ಬೆಳಗ್ಗೆಯವರೆಗೆ ಯಾರೂ ನೋಡಲಿಲ್ಲ. ಅಂದು ಮಲಗಿದ ಹಾಸಿಗೆಯಿಂದ ಅವರು ಎದ್ದದ್ದೇ ಇಲ್ಲ. 2015ರ ಮೇ 18ರಂದು, ಅದೇ ಆಸ್ಪತ್ರೆಯಲ್ಲಿ, ನ್ಯುಮೋನಿಯಾದಿಂದ ತೀರಿಕೊಂಡರು. ನಲವತ್ತೊಂದು ವರ್ಷ ಆರು ತಿಂಗಳು.

ಈ ದುರಂತವನ್ನು ದಯಾಮರಣದ ಚರ್ಚೆಯ ಮೂಲಕ ದೇಶ ಅರಿತಿದೆ. 2011ರ ಮಾರ್ಚ್ 7ರ ಸುಪ್ರೀಂ ಕೋರ್ಟಿನ ತೀರ್ಪು ಕಾನೂನು ಓದುವವರಿಗೆಲ್ಲ ಪಾಠ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಅದಕ್ಕಿಂತ ಹಿಂದಿನ ಒಂದು ಸಣ್ಣ ಬರವಣಿಗೆ. ಅರುಣಾ ಅವರ ಮದುವೆ ಅದೇ ಆಸ್ಪತ್ರೆಯ ವೈದ್ಯರೊಬ್ಬರೊಡನೆ ನಿಶ್ಚಯವಾಗಿತ್ತು. ಅವರ ಮಾನ ಕಾಯಬೇಕೆಂಬ ಕಾರಣ ಮುಂದಿಟ್ಟು ಆಸ್ಪತ್ರೆಯ ಆಡಳಿತ ಲೈಂಗಿಕ ಹಲ್ಲೆಯ ಅಂಶವನ್ನು ದೂರಿನಿಂದ ಹೊರಗಿಟ್ಟಿತು. ದಾಖಲಾದದ್ದು ದರೋಡೆ ಮತ್ತು ಕೊಲೆಯತ್ನ. ಅಪರಾಧಿ ಅವುಗಳಿಗೆ ಏಳು ವರ್ಷದ ಸಜೆ ಅನುಭವಿಸಿ ಹೊರಬಂದ. ಲೈಂಗಿಕ ಹಿಂಸೆಗಾಗಿ ಅವನ ಮೇಲೆ ವಿಚಾರಣೆಯೇ ನಡೆಯಲಿಲ್ಲ. ಫುಲ್‌ಮಣಿಯ ಗಾಯಕ್ಕೆ 'ಅಜಾಗರೂಕತೆ' ಎಂದು ಹೆಸರಿಟ್ಟ ದೇಶ, ಎಂಬತ್ತಮೂರು ವರ್ಷಗಳ ಮೇಲೆ ಅರುಣಾ ಅವರ ಗಾಯಕ್ಕೆ 'ದರೋಡೆ' ಎಂದು ಹೆಸರಿಟ್ಟಿತು. ಮೊದಲನೆಯದರಲ್ಲಿ ಕಾನೂನು ಕಣ್ಣು ಮುಚ್ಚಿತ್ತು; ಎರಡನೆಯದರಲ್ಲಿ ಆಸ್ಪತ್ರೆಯೇ ಕಣ್ಣು ಮುಚ್ಚಿಸಿತು. ಅದೂ ಅವಳ ಮೇಲಿನ ಕರುಣೆಯಿಂದಲೇ ಎಂಬುದು ಈ ಕಥೆಯ ಅತ್ಯಂತ ನೋವಿನ ಭಾಗ.

ಅದೇ ಆಸ್ಪತ್ರೆ ಇನ್ನೊಂದು ಮುಖವನ್ನೂ ತೋರಿತು. ಹಲ್ಲೆಯ ಬೆನ್ನಿಗೇ ಮುಂಬಯಿಯ ದಾದಿಯರು ಮುಷ್ಕರ ಹೂಡಿದರು. ಅರುಣಾಗೆ ಒಳ್ಳೆಯ ಆರೈಕೆ, ತಮಗೆ ಸುರಕ್ಷಿತ ಕೆಲಸದ ಜಾಗ ಎಂಬುದು ಅವರ ಬೇಡಿಕೆ. 1980ರ ದಶಕದಲ್ಲಿ ಹಾಸಿಗೆ ತೆರವು ಮಾಡಲು ಪಾಲಿಕೆ ಅವರನ್ನು ಬೇರೆಡೆಗೆ ಸಾಗಿಸಲು ಹೊರಟಾಗಲೂ ತಡೆದವರು ಅವರೇ. ಪೀಳಿಗೆ ಬದಲಾದರೂ ತಾವು ಎಂದೂ ಮಾತನಾಡಿಸಿ ಕಾಣದ ಒಬ್ಬ ಸಹೋದ್ಯೋಗಿಗೆ ಉಣಿಸಿ, ಮೀಯಿಸಿ, ಮಗ್ಗುಲು ಬದಲಿಸಿ ನೋಡಿಕೊಂಡರು. ಮೂವತ್ತೇಳು ವರ್ಷ ಮಲಗಿದ ಮೈಯಲ್ಲಿ ಒಂದು ಹಾಸಿಗೆ ಹುಣ್ಣೂ ಇಲ್ಲದಿರುವುದನ್ನು ಸುಪ್ರೀಂ ಕೋರ್ಟು ಎತ್ತಿ ಹೇಳಿತು. ಸುರಕ್ಷಿತ ಕೆಲಸದ ಜಾಗ ಎಂದು ಆ ದಾದಿಯರು 1973ರಲ್ಲಿ ಕೇಳಿದ್ದು, ವಿಶ್ರಾಂತಿ ಕೊಠಡಿ, ಬೆಳಕು, ಕ್ಯಾಮೆರಾ, ರಾತ್ರಿ ಹತ್ತರ ಮೇಲೆ ವಾಹನ ಎಂಬ ವಿವರಗಳಾಗಿ 2024ರ ಆಗಸ್ಟಿನ ಆದೇಶದಲ್ಲಿ ಕಾಣಿಸಿಕೊಂಡಿತು. ಅದಕ್ಕೆ ಇನ್ನೊಬ್ಬ ಹೆಣ್ಣುಮಗಳ ಜೀವ ಹೋಗಬೇಕಾಯಿತು.

ಅರುಣಾ ಪ್ರಕರಣಕ್ಕೆ ಒಂದೂವರೆ ವರ್ಷ ಮೊದಲು, 1972ರ ಮಾರ್ಚ್ 26ರಂದು, ಇದೇ ಮಹಾರಾಷ್ಟ್ರದ ಪೂರ್ವ ತುದಿಯ ದೇಸಾಯಿಗಂಜ್ ಪೊಲೀಸ್ ಠಾಣೆಯಲ್ಲಿ ಮಥುರಾ ಎಂಬ ಆದಿವಾಸಿ ಬಾಲೆಯ ಮೇಲೆ ಪೊಲೀಸರಿಂದಲೇ ಅತ್ಯಾಚಾರ ನಡೆದಿತ್ತು. ಅವಳನ್ನು ಪರೀಕ್ಷಿಸಿದ ವೈದ್ಯರ ವರದಿಯಲ್ಲಿ ಎದ್ದು ಕಾಣುತ್ತಿದ್ದದ್ದು, ಎರಡು ಬೆರಳು ಸಲೀಸಾಗಿ ಸೇರಿದವು ಎಂಬ ಮಾತು. ಅವಳು ಸಂಭೋಗಕ್ಕೆ 'ರೂಢಿಯಾದವಳು' ಎಂಬ ನಿರ್ಣಯಕ್ಕೆ ಸೆಷನ್ಸ್ ನ್ಯಾಯಾಲಯ ಬಂದಿತು. ಕೊನೆಗೆ ಸುಪ್ರೀಂ ಕೋರ್ಟು ಆರೋಪಿಗಳನ್ನು ಬಿಟ್ಟಿತು. 1979ರಲ್ಲಿ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ವಸುಧಾ ಧಗಮ್‌ವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಪ್ರಾಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದ ಬಹಿರಂಗ ಪತ್ರದಿಂದ ದೇಶವ್ಯಾಪಿ ಚಳವಳಿ ಎದ್ದು, 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಆದರೆ ಕಾನೂನು ಬದಲಾದರೂ ಆಸ್ಪತ್ರೆಯ ಬೆರಳು ಬದಲಾಗಲಿಲ್ಲ. 1992ರಲ್ಲಿ ರಾಜಸ್ಥಾನದ ಭಟೇರಿಯಲ್ಲಿ, ಬಾಲ್ಯವಿವಾಹ ತಡೆಯಲು ಹೋದುದಕ್ಕೆ ಸಾಮೂಹಿಕ ಅತ್ಯಾಚಾರಕ್ಕೆ ಗುರಿಯಾದ ಭಂವರಿ ದೇವಿಯವರಿಗೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆಯೇ ಆಗಲಿಲ್ಲ. ಜೈಪುರಕ್ಕೆ ಅಲೆದು ಅದು ಮುಗಿಯುವಷ್ಟರಲ್ಲಿ ಎರಡು ದಿನ ಕಳೆದಿತ್ತು. ಸರ್ಕಾರದ ಕಾರ್ಯಕ್ರಮದ ಕೆಲಸ ಮಾಡುತ್ತಿದ್ದ ಆಕೆಯ ಪ್ರಕರಣದ ಬೆನ್ನಿಗೆ ಬಂದದ್ದೇ 1997ರ ವಿಶಾಖಾ ತೀರ್ಪು. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ದುಡಿಯುವ ನಮ್ಮಂಥವರ ನಡತೆ ನಿಯಮಗಳಿಗೆ ಮರುವರ್ಷ '3-ಸಿ' ಎಂಬ ನಿಯಮ ಸೇರಿದ್ದು ಅದರಿಂದಲೇ. ಕಚೇರಿಯ ಗೋಡೆಯ ಮೇಲೆ ಆಂತರಿಕ ದೂರು ಸಮಿತಿಯ ಫಲಕ ನೋಡುವಾಗ ಭಟೇರಿಯ ಆ ಹೆಂಗಸನ್ನು ನೆನೆಯುವುದು ನಮ್ಮ ಋಣ.

ಹಿಂಸೆಯನ್ನು ರೋಗದಂತೆ ನೋಡಬಹುದೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ರೋಗವೆಂದರೆ ಮಾಡಿದವನ ಹೊಣೆ ತಪ್ಪುವುದಿಲ್ಲವೇ ಎಂಬ ಅಂಜಿಕೆಯೂ ನ್ಯಾಯವಾದದ್ದೇ. ಉತ್ತರವನ್ನು ಮುಂಬಯಿಯ ಚರಿತ್ರೆಯೇ ಕೊಡುತ್ತದೆ. 1896ರಲ್ಲಿ ಪ್ಲೇಗು ಬಂದಾಗ ನಗರ ಮೊದಲು ತಪ್ಪು ದಾರಿ ಹಿಡಿಯಿತು: ರೋಗಿಗಳನ್ನು ಎಳೆದೊಯ್ದಿತು, ಮನೆಗಳಿಗೆ ನುಗ್ಗಿತು, ಜನ ಹೆದರಿ ರೋಗವನ್ನೇ ಬಚ್ಚಿಟ್ಟರು. ಬಚ್ಚಿಟ್ಟ ರೋಗ ಹರಡಿತು. ಎಣಿಕೆ, ಗಾಳಿಬೆಳಕಿನ ಮನೆ, ಲಸಿಕೆ, ಜನರ ವಿಶ್ವಾಸ, ಇವೆಲ್ಲ ಕೂಡಿದಾಗ ಹತೋಟಿ ಸಾಧ್ಯವಾಯಿತು. ಸಾರ್ವಜನಿಕ ಆರೋಗ್ಯದ ದೃಷ್ಟಿ ಎಂದರೆ ಇದೇ. ಯಾರು ಮಾಡಿದರೆಂದು ನ್ಯಾಯಾಲಯ ಕೇಳಲಿ. ಎಲ್ಲಿ, ಯಾವಾಗ, ಯಾರ ಮೇಲೆ ಹೆಚ್ಚಾಗಿ ನಡೆಯುತ್ತದೆ, ಮುಂದಿನದನ್ನು ತಡೆಯುವುದು ಹೇಗೆ ಎಂದು ಕೇಳುವವರೂ ಬೇಕು. 1996ರ ವಿಶ್ವ ಆರೋಗ್ಯ ಸಭೆ ಹಿಂಸೆಯನ್ನು ಜಾಗತಿಕ ಸಾರ್ವಜನಿಕ ಆರೋಗ್ಯದ ಪ್ರಮುಖ ಸಮಸ್ಯೆಯೆಂದು ಘೋಷಿಸಿದ್ದರ ಅರ್ಥವೂ ಇದೇ.

ಆ ಘೋಷಣೆ ಕಾಗದದಿಂದ ಇಳಿದು ಒಂದು ಕೊಠಡಿಯಾದದ್ದು ನಮ್ಮ ನಗರದಲ್ಲಿ. ಬಾಂದ್ರಾದ ಕೆ.ಬಿ. ಭಾಭಾ ಮುನ್ಸಿಪಲ್ ಆಸ್ಪತ್ರೆಯಲ್ಲಿ 'ಸೆಹತ್' ಸಂಸ್ಥೆಯೂ ನಗರಪಾಲಿಕೆಯೂ ಕೂಡಿ 2001ರ ಸುಮಾರಿಗೆ 'ದಿಲಾಸಾ' ಕೇಂದ್ರವನ್ನು ತೆರೆದವು. ದಿಲಾಸಾ ಎಂದರೆ ಸಾಂತ್ವನ. ಸುಟ್ಟ ಗಾಯ, ಮುರಿದ ಕೈ, ನುಂಗಿದ ವಿಷ, ಮತ್ತೆ ಮತ್ತೆ ಗರ್ಭಪಾತ ಎಂದು ಹೊರರೋಗಿ ವಿಭಾಗಕ್ಕೆ ಬರುವ ಹೆಂಗಸನ್ನು, ಮನೆಯಲ್ಲಿ ಏನಾದರೂ ತೊಂದರೆಯಿದೆಯೇ ತಾಯಿ ಎಂದು ಕೇಳಲು ದಾದಿಯರನ್ನೂ ವೈದ್ಯರನ್ನೂ ತರಬೇತಿಗೊಳಿಸಲಾಯಿತು. ಕೇಳಿದರೆ ಹೇಳುತ್ತಾರೆ ಎಂಬುದು ಗೊತ್ತಾಯಿತು. 2008ರಿಂದ ಮೂರು ಮುನ್ಸಿಪಲ್ ಆಸ್ಪತ್ರೆಗಳಲ್ಲಿ ಲೈಂಗಿಕ ಹಿಂಸೆಗೆ ಒಳಗಾದವರ ಚಿಕಿತ್ಸೆ, ಸಾಕ್ಷ್ಯ ಸಂಗ್ರಹ, ಆಪ್ತಸಮಾಲೋಚನೆಗಳನ್ನು ಒಂದೇ ಕ್ರಮದಲ್ಲಿ ಜೋಡಿಸುವ ಪ್ರಯೋಗ ನಡೆಯಿತು. ಮುಂದೆ ಈ ಮಾದರಿ ನಗರದ ಇತರ ಆಸ್ಪತ್ರೆಗಳಿಗೂ ಕೇರಳಕ್ಕೆ 'ಭೂಮಿಕಾ' ಎಂಬ ಹೆಸರಿನಲ್ಲೂ ಹಬ್ಬಿತು. ನಮ್ಮ ನಾಡಿನ ಜಿಲ್ಲಾಸ್ಪತ್ರೆಗಳ 'ಗೆಳತಿ' ಘಟಕಗಳೂ ದೇಶದ 'ಸಖಿ' ಕೇಂದ್ರಗಳೂ ಇದೇ ಬಳಗಕ್ಕೆ ಸೇರಿದವು. ಹೆಸರುಗಳನ್ನು ಗಮನಿಸಿ: ಸಾಂತ್ವನ, ಗೆಳತಿ, ಸಖಿ. ಮಾನಭಂಗದಿಂದ ಇಲ್ಲಿಯವರೆಗೆ ಭಾಷೆ ನಡೆದು ಬಂದ ದೂರ ಇದು.

2012ರ ದೆಹಲಿಯ ಘಟನೆ, ನ್ಯಾಯಮೂರ್ತಿ ವರ್ಮಾ ಸಮಿತಿಯ ವರದಿ, 2013ರ ತಿದ್ದುಪಡಿ ಎಲ್ಲರಿಗೂ ತಿಳಿದವು. ಆ ತಿದ್ದುಪಡಿಯ ಎರಡು ಅಂಶ ಮಾತ್ರ ಜನರ ಬಾಯಲ್ಲಿ ನಿಂತಿಲ್ಲ. ಒಂದು, ಅತ್ಯಾಚಾರದ ವ್ಯಾಖ್ಯೆ ಹಿಗ್ಗಿ, ಅರುಣಾ ಅವರ ಮೇಲೆ ನಡೆದಂಥ ಕೃತ್ಯವೂ ಅದರೊಳಗೆ ಬಂತು. ಇನ್ನೊಂದು, ಸರ್ಕಾರಿಯಾಗಲಿ ಖಾಸಗಿಯಾಗಲಿ ಪ್ರತಿ ಆಸ್ಪತ್ರೆಯೂ ಇಂಥ ಹಿಂಸೆಗೆ ಒಳಗಾದವರಿಗೆ ಒಡನೆಯೇ ಉಚಿತ ಚಿಕಿತ್ಸೆ ಕೊಡಲೇಬೇಕು. ಕೊಡದಿದ್ದರೆ ಹೊಣೆಗಾರರಿಗೆ ಒಂದು ವರ್ಷದವರೆಗೆ ಸಜೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಗಳಲ್ಲೂ ಈ ಕಟ್ಟಳೆ ಉಳಿದಿದೆ. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ, ಚಿಕಿತ್ಸೆಗೆ ಪೊಲೀಸರ ಪತ್ರ ಬೇಕಿಲ್ಲ, ಎರಡು ಬೆರಳಿನ ಪರೀಕ್ಷೆ ಕೂಡದು, ಪರೀಕ್ಷೆಗೆ ಅವಳ ಒಪ್ಪಿಗೆ ಬೇಕು ಎಂದು ಬಿಡಿಸಿ ಹೇಳಿತು. ಆ ಪರೀಕ್ಷೆಯನ್ನು ಸುಪ್ರೀಂ ಕೋರ್ಟು 2013ರಲ್ಲಿ ಖಂಡಿಸಿ, 2022ರ ಅಕ್ಟೋಬರ್ 31ರಂದು ಮತ್ತೊಮ್ಮೆ ನಿಷೇಧಿಸಬೇಕಾಯಿತು. ಮಥುರಾಳಿಂದ ಅಲ್ಲಿಗೆ ಐವತ್ತು ವರ್ಷ.

ಕುಟುಂಬಸ್ಥರಾದ ನಮಗೆಲ್ಲ ಬಾಯಿಪಾಠವಾಗಿರಬೇಕಾದ ಒಂದು ಅಂಕಿ ಎಪ್ಪತ್ತೆರಡು. ಎಚ್‌ಐವಿ ಸೋಂಕು ತಡೆಯುವ ಔಷಧಿಯನ್ನು ಹಿಂಸೆ ನಡೆದ 72 ಗಂಟೆಗಳೊಳಗೆ ಆರಂಭಿಸಬೇಕು; ಬೇಗನೆ ಆರಂಭಿಸಿದಷ್ಟೂ ಒಳ್ಳೆಯದು. ಗರ್ಭ ತಡೆಯುವ ತುರ್ತು ಮಾತ್ರೆಯೂ ಬೇಗ ಕೊಟ್ಟಷ್ಟು ಫಲ ಹೆಚ್ಚು. ಐದು ದಿನದವರೆಗೂ ಕೊಡಬಹುದು. ಮನೆಯವರು ಕುಳಿತು, ಹೊರಗೆ ಹೇಳುವುದೋ ಬೇಡವೋ ಎಂದು ತರ್ಕಿಸುತ್ತಿರುವಾಗ ಈ ಗಂಟೆಗಳು ಕಳೆಯುತ್ತವೆ. ಸ್ನಾನ ಮಾಡಿಸಿ, ಬಟ್ಟೆ ಒಗೆದು, 'ಆದದ್ದಾಯಿತು' ಎನ್ನುವ ನಮ್ಮ ಹಳೆಯ ಅಕ್ಕರೆ ಇಲ್ಲಿ ಅಪಾಯಕಾರಿ. ಮೊದಲು ಆಸ್ಪತ್ರೆ, ಉಳಿದ ನಿರ್ಧಾರಗಳಿಗೆ ಆಮೇಲೆ ಸಮಯವಿದೆ. ಕಲ್ಯಾಣದ ರುಕ್ಮಿಣಿಬಾಯಿ ಆಸ್ಪತ್ರೆಯಿರಲಿ, ಡೊಂಬಿವಲಿಯ ಶಾಸ್ತ್ರಿನಗರ ಆಸ್ಪತ್ರೆಯಿರಲಿ, ಬೀದಿಯ ಕೊನೆಯ ಖಾಸಗಿ ನರ್ಸಿಂಗ್ ಹೋಮ್ ಇರಲಿ, ಕಾನೂನು ಎಲ್ಲಕ್ಕೂ ಒಂದೇ.

ಅಪಾಯ ಎಲ್ಲಿದೆ ಎಂಬುದನ್ನೂ ಅಂಕಿಗಳು ಹೇಳುತ್ತವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2021ರ ವರದಿಯಂತೆ ದೇಶದಲ್ಲಿ ದಾಖಲಾದ ಅತ್ಯಾಚಾರ ಪ್ರಕರಣಗಳು 31,677. ಅವುಗಳಲ್ಲಿ ನೂರಕ್ಕೆ 96ಕ್ಕೂ ಹೆಚ್ಚು ಪ್ರಕರಣಗಳಲ್ಲಿ ಆರೋಪಿ ಪರಿಚಿತನೇ: ಬಂಧು, ನೆರೆಯವ, ಗೆಳೆಯ, ಮೇಲಧಿಕಾರಿ. ದಾಖಲಾಗದೆ ಉಳಿದದ್ದು ಇದಕ್ಕಿಂತ ಎಷ್ಟೋ ಪಾಲು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ನೂರಕ್ಕೆ 14 ಮಂದಿ ಮಾತ್ರ ಯಾರಿಂದಲಾದರೂ ನೆರವು ಬಯಸಿದ್ದರು. 77 ಮಂದಿ ಯಾರಿಗೂ ಹೇಳಿರಲೇ ಇಲ್ಲ. ಅದೇ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದೆವೆಂದ ಹೆಂಗಸರ ಪ್ರಮಾಣ ಅತಿ ಹೆಚ್ಚಾಗಿ ಕಂಡದ್ದು ಕರ್ನಾಟಕದಲ್ಲಿ, ನೂರಕ್ಕೆ 44. ಹೊರನಾಡಿನಲ್ಲಿ ಕುಳಿತು ತವರಿನ ಸಂಸ್ಕೃತಿಯ ಹಿರಿಮೆಯನ್ನು ಹಾಡುವ ನಾವು ಈ ಅಂಕಿಯನ್ನೂ ತವರಿನ ಸುದ್ದಿಯೆಂದೇ ಓದಬೇಕು.

ಮನೆಯೊಳಗಿನ ಈ ಗಾಯಕ್ಕೆ ಇಂದಿಗೂ ಬೇರೆ ಹೆಸರೇ ಉಳಿದಿದೆ. ಹದಿನೆಂಟು ದಾಟಿದ ಹೆಂಡತಿಯ ಮೇಲೆ ಗಂಡ ನಡೆಸಿದ ಬಲಾತ್ಕಾರವನ್ನು ಹೊಸ ದಂಡಸಂಹಿತೆಯೂ ಅತ್ಯಾಚಾರವೆಂದು ಕರೆಯುವುದಿಲ್ಲ. 2022ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟು ಇಂಥ ಒಂದು ಆರೋಪವನ್ನು ರದ್ದುಗೊಳಿಸಲು ಒಪ್ಪದೆ ದೇಶದ ಗಮನ ಸೆಳೆಯಿತು; ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಆ ಆದೇಶಕ್ಕೆ ತಡೆ ಬಿತ್ತು. ಆದರೆ ಅದೇ ವರ್ಷದ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು, ಗರ್ಭಪಾತದ ಕಾನೂನಿನ ಮಟ್ಟಿಗೆ ಗಂಡನ ಬಲಾತ್ಕಾರವನ್ನೂ ಅತ್ಯಾಚಾರವೆಂದೇ ಎಣಿಸಬೇಕೆಂದಿತು. ಆಸ್ಪತ್ರೆಯ ಬಾಗಿಲಲ್ಲಿ ಸಿಕ್ಕಿದ ಹೆಸರು ನ್ಯಾಯಾಲಯದ ಕಟಕಟೆಯಲ್ಲಿ ಇನ್ನೂ ಸಿಕ್ಕಿಲ್ಲ. 1890ರಲ್ಲಿಯೂ ಹೀಗೆಯೇ, ವೈದ್ಯೆಯರ ಪಟ್ಟಿ ಮೊದಲು ಬಂತು, ಕಾಯಿದೆ ಹಿಂದೆ ಬಂತು.

ತಡೆಯುವ ದಾರಿ ಒಂದಲ್ಲ. 1992ರಲ್ಲಿ ಆರಂಭವಾದ ಮಹಿಳಾ ವಿಶೇಷ ಲೋಕಲ್‌ಗಳು, ರಾತ್ರಿ ಮಹಿಳಾ ಡಬ್ಬಿಯಲ್ಲಿ ನಿಲ್ಲುವ ಪೊಲೀಸ್, ನಿಲ್ದಾಣದ ಸೇತುವೆಯ ದೀಪ, ಇವೆಲ್ಲ ಲಕ್ಷಾಂತರ ಹೆಂಗಸರ ದುಡಿಮೆಯ ದಿನವನ್ನು ಸಾಧ್ಯವಾಗಿಸಿವೆ. 2013ರ ಆಗಸ್ಟಿನ ಶಕ್ತಿ ಮಿಲ್ಸ್ ಘಟನೆ, ನಗರದ ನಡುವೆ ಪಾಳುಬಿಟ್ಟ ಜಾಗ ಎಷ್ಟು ಅಪಾಯಕಾರಿ ಎಂದು ಕಲಿಸಿತು. ಆದರೆ ಆರೋಪಿ ಪರಿಚಿತನಾಗಿರುವ 96 ಪಾಲಿಗೆ ದೀಪ, ಕ್ಯಾಮೆರಾಗಳು ಸಾಲವು. ಅಲ್ಲಿ ಬದಲಾಗಬೇಕಾದದ್ದು ಮನೆ, ನೆರೆಹೊರೆಗಳ ನಡತೆ. ಅದು ಬದಲಾಗದೆಂಬ ನಿರಾಶೆಗೆ ಕಾರಣವಿಲ್ಲ. ಉಗಾಂಡದ ಕಂಪಾಲಾದಲ್ಲಿ 'ಸಾಸಾ' ಎಂಬ ಕಾರ್ಯಕ್ರಮದ ಮೂಲಕ ಬೀದಿಬೀದಿಯ ಜನರೇ ಗಂಡಹೆಂಡಿರ ನಡುವಿನ ಅಧಿಕಾರದ ಬಗ್ಗೆ ಮಾತುಕತೆ ನಡೆಸಿದರು. ಸಂಗಾತಿಯ ದೈಹಿಕ ಹಿಂಸೆ ಇತರ ಬಡಾವಣೆಗಳಿಗಿಂತ ಅಲ್ಲಿ ಅರ್ಧದಷ್ಟು ಕಡಿಮೆಯಿದ್ದುದನ್ನು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮುಂಬಯಿಯ ಧಾರಾವಿಯಲ್ಲಿ, ಸಾಯನ್ ಆಸ್ಪತ್ರೆಯ ಮಕ್ಕಳ ವೈದ್ಯೆ ಡಾ. ಅರ್ಮಿಡಾ ಫರ್ನಾಂಡಿಸ್ 1999ರಲ್ಲಿ ಕಟ್ಟಿದ 'ಸ್ನೇಹಾ' ಸಂಸ್ಥೆ ಇದೇ ಬಗೆಯ ಕೆಲಸವನ್ನು ವರ್ಷಗಳಿಂದ ಮಾಡುತ್ತಿದೆ.

ಬದ್ಲಾಪುರದ ಆರೋಪಿ ವಿಚಾರಣೆಗೆ ಮುನ್ನವೇ, 2024ರ ಸೆಪ್ಟೆಂಬರ್ 23ರಂದು, ಪೊಲೀಸರ ವಾಹನದೊಳಗೆ ಗುಂಡೇಟಿಗೆ ಸತ್ತ. ಹಲವರು ಸಿಹಿ ಹಂಚಿದರು. ಆದರೆ ಆ ಇಬ್ಬರು ಮಕ್ಕಳು ನ್ಯಾಯಾಲಯದಲ್ಲಿ ಸತ್ಯ ಸ್ಥಾಪಿತವಾಗುವುದನ್ನು ಇನ್ನು ಕಾಣಲಾರರು. ಶಾಲೆಯ ಶೌಚಾಲಯದ ಬಳಿ ಯಾರಿರಬೇಕು, ಮಗು ನೋವೆಂದಾಗ ಯಾರು ಕೇಳಿಸಿಕೊಳ್ಳಬೇಕು ಎಂಬ ಪ್ರಶ್ನೆಗಳಿಗೆ ಗುಂಡು ಉತ್ತರವಲ್ಲ. ಬಾಂಬೆ ಹೈಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು, ನಿವೃತ್ತ ನ್ಯಾಯಮೂರ್ತಿಗಳಾದ ಸಾಧನಾ ಜಾಧವ್ ಮತ್ತು ಶಾಲಿನಿ ಫನ್ಸಾಳ್ಕರ್-ಜೋಶಿಯವರ ಸಮಿತಿಯಿಂದ ಶಾಲೆಗಳ ಸುರಕ್ಷತೆಯ ಬಗ್ಗೆ ಶಿಫಾರಸು ಪಡೆದುದು ಇದಕ್ಕೇ. ನಮ್ಮ ಮಕ್ಕಳ ಶಾಲೆಯ ಪಾಲಕರ ಸಭೆಯಲ್ಲಿ ಅಂಕಪಟ್ಟಿಯ ಜೊತೆಗೆ ಇದನ್ನೂ ಕೇಳುವ ಹಕ್ಕು ನಮಗಿದೆ.

ಹೊರನಾಡ ಕನ್ನಡಿಗರಾದ ನಮ್ಮ ಪಾಲಿಗೆ ಇನ್ನೊಂದು ಕೆಲಸವೂ ಉಳಿದಿದೆ. ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳಲ್ಲಿ ಏಳುವ ಕಟ್ಟಡಗಳ ಕೆಲಸಕ್ಕೆ ಕಲಬುರಗಿ, ವಿಜಯಪುರಗಳಿಂದ ಬಂದ ಕುಟುಂಬಗಳಿವೆ. ಮನೆಗೆಲಸಕ್ಕೆ ಹೋಗುವ ಅನೇಕ ಹೆಂಗಸರಿಗೆ ಸಂತೆಯ ಹಿಂದಿ ಬರುತ್ತದೆ. ಗಾಯದ ಹಿಂದಿ ಬರುವುದಿಲ್ಲ. ಮೈಯ ಭಾಗಗಳ ಹೆಸರನ್ನು, ನಾಚಿಕೆಯನ್ನು, ಭಯವನ್ನು ಮನುಷ್ಯರು ತಾಯಿನುಡಿಯಲ್ಲಿ ಮಾತ್ರ ಹೇಳಬಲ್ಲರು. ಅವಳಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಮಕ್ಕಳ ಪ್ರಕರಣಗಳಲ್ಲಿ ಭಾಷಾಂತರಕಾರರ ನೆರವಿಗೆ ಪೋಕ್ಸೊ ಕಾಯಿದೆಯಲ್ಲೇ ಅವಕಾಶವಿದೆ. ಆದರೆ ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಯ ಬಾಗಿಲಲ್ಲಿ ಕನ್ನಡ ಬಲ್ಲ ಒಬ್ಬ ಹೆಂಗಸನ್ನು ಯಾರು ಹುಡುಕಿ ತರಬೇಕು? ಕನ್ನಡ ಸಂಘಗಳು ನೂರಾರು ಸಂಖ್ಯೆಯಲ್ಲಿರುವ ಈ ಮಹಾನಗರದಲ್ಲಿ ಅದು ಕಷ್ಟದ ಕೆಲಸವಲ್ಲ. ನಮ್ಮ ಸಂಘಗಳು ರಾಜ್ಯೋತ್ಸವ, ಯಕ್ಷಗಾನ, ಕವಿಗೋಷ್ಠಿಗಳಿಗೆ ಇಟ್ಟುಕೊಂಡಿರುವ ಸ್ವಯಂಸೇವಕರ ಪಟ್ಟಿಯ ಪಕ್ಕದಲ್ಲಿ, ತರಬೇತಿ ಪಡೆದ ಹತ್ತು ಹೆಂಗಸರ ಹೆಸರು, ಫೋನ್ ನಂಬರುಗಳಿರುವ ಇನ್ನೊಂದು ಪಟ್ಟಿ ಮಾಡಿ ಹತ್ತಿರದ ಆಸ್ಪತ್ರೆಗಳಿಗೆ ಕೊಟ್ಟರೆ ಸಾಕು. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098 ಎಂಬ ಎರಡು ಅಂಕಿಗಳು ನಮ್ಮ ಆಮಂತ್ರಣ ಪತ್ರಿಕೆಗಳ ಹಿಂಬದಿಯಲ್ಲಿ ಅಚ್ಚಾಗಲಿ.

ಭಾಷೆಯನ್ನು ಉಳಿಸಬೇಕೆಂದು ನಾವು ವೇದಿಕೆಗಳಲ್ಲಿ ಬಹಳ ಮಾತನಾಡುತ್ತೇವೆ. ಭಾಷೆಯೂ ಒಬ್ಬರನ್ನು ಉಳಿಸಬಲ್ಲದು. ಪರವೂರಿನ ಆಸ್ಪತ್ರೆಯ ಹಾಸಿಗೆಯ ಮೇಲೆ ಮುದುಡಿ ಕುಳಿತ ಹುಡುಗಿಯೊಬ್ಬಳು, 'ಹೇಳವ್ವ, ನಾವು ನಂಬ್ತೀವಿ' ಎಂಬ ಮಾತನ್ನು ತನ್ನದೇ ನುಡಿಯಲ್ಲಿ ಕೇಳಿದಾಗ, ತನ್ನ ಗಾಯಕ್ಕೆ ಅದರ ನಿಜವಾದ ಹೆಸರನ್ನು ಅವಳೇ ಹೇಳಬಲ್ಲಳು.